ಬೆಳಕು ಹಂಚಿದ ವೈದ್ಯ

ಡಾ. ಎಂ. ಸಿ. ಮೋದಿಯವರು ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ಕಣ್ಣಿನ ಪೊರೆಯಿಂದ ದೃಷ್ಟಿ ಕಳೆದುಕೊಂಡ ಬಡವರು ಪಟ್ಟಣದ ಆಸ್ಪತ್ರೆಗೆ ಬರಲಾರರು. ಆಸ್ಪತ್ರೆಯೇ ಅವರ ಊರಿಗೆ ಹೋಗಬೇಕೆಂದು ಬಗೆದು, 1943ರಿಂದ ಊರೂರು ತಿರುಗಿ ಉಚಿತ ಶಿಬಿರಗಳನ್ನು ನಡೆಸಿದರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆಗಳನ್ನು ಮಾಡಿ ಜಗತ್ತಿನ ಗಮನ ಸೆಳೆದರು.

ಅಂದು ಮಂಜಾದ ಮಸೂರವನ್ನು ತೆಗೆಯುತ್ತಿದ್ದರು. ಆ ಸ್ಥಾನದಲ್ಲಿ ಬೇರೊಂದನ್ನು ಇಡುತ್ತಿರಲಿಲ್ಲ. ರೋಗಿಯು ಬಾಳಿನುದ್ದಕ್ಕೂ ದಪ್ಪ ಕನ್ನಡಕವನ್ನು ಧರಿಸಬೇಕಾಗುತ್ತಿತ್ತು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿಯವರು 1949ರಲ್ಲಿಯೇ ಕಣ್ಣೊಳಗೆ ಕೃತಕ ಮಸೂರವನ್ನಿರಿಸಿದ್ದರೂ, ಅದು ನಮ್ಮ ಹಳ್ಳಿಗರಿಗೆ ದೊರೆಯಲು ದಶಕಗಳೇ ಬೇಕಾದವು. ಇಂದು ಪೊರೆ ತೆಗೆದೊಡನೆ ಮಸೂರವನ್ನು ಕೂಡಿಸುತ್ತಾರೆ. ರೋಗಿಯು ಸಾಮಾನ್ಯವಾಗಿ ಅಂದೇ ಮನೆಗೆ ಮರಳಬಹುದು. ಓದಲು ಮಾತ್ರ ಕನ್ನಡಕ ಬೇಕಾಗಬಹುದು.

1968ರಲ್ಲಿ ಪದ್ಮಭೂಷಣ ಗೌರವ ಪಡೆದ ಮೋದಿಯವರು 2005ರಲ್ಲಿ ನಿಧನರಾದರು. ಚಿಕಿತ್ಸೆಯ ರೀತಿ ಬದಲಾಗಿದೆ. ವೈದ್ಯನೇ ಬಡವನ ಬಳಿಗೆ ಹೋಗುವ ಅವರ ದಾರಿ ಇಂದಿಗೂ ಸವೆದಿಲ್ಲ.