ಪದಕಗಳನ್ನು ಕೂಡಿಸಿದ ನೌಕಾಧಿಪತಿ: ಲೂಯಿ ಬ್ಯಾಟನ್‌ಬರ್ಗ್

ಭಾರತದ ಕೊನೆಯ ವೈಸ್‌ರಾಯ್ ಲಾರ್ಡ್ ಮೌಂಟ್‌ಬ್ಯಾಟನ್ನನ ಹೆಸರನ್ನು ಕೇಳದ ವಿದ್ಯಾರ್ಥಿಗಳು ಇರಲಾರರು. ಆದರೆ ಮೌಂಟ್‌ಬ್ಯಾಟನ್ ಎಂಬ ಅಡ್ಡಹೆಸರು 1917ಕ್ಕಿಂತ ಮೊದಲು ಯಾರಿಗೂ ಇರಲಿಲ್ಲವೆಂಬುದು ಬಹಳ ಜನರಿಗೆ ತಿಳಿದಿಲ್ಲ. ಆ ಹೆಸರನ್ನು ಮೊದಲು ಹೊತ್ತವನು ವೈಸ್‌ರಾಯನ ತಂದೆ ಲೂಯಿ ಬ್ಯಾಟನ್‌ಬರ್ಗ್. ಅವನು ಬ್ರಿಟಿಷ್ ನೌಕಾದಳದ ಅತ್ಯುನ್ನತ ಅಧಿಕಾರಿಯಾಗಿದ್ದನು. ಜೊತೆಗೆ ನಾನಾ ದೇಶಗಳ ನೌಕಾಪದಕಗಳನ್ನು ಕೂಡಿಸಿ, ಓದಿ, ವಿವರಿಸಿದ ವಿದ್ವಾಂಸನೂ ಆಗಿದ್ದನು. ಒಂದು ಭಾಷೆಯ ನಾಡಿನಲ್ಲಿ ಬೆಳೆದು ಇನ್ನೊಂದು ಭಾಷೆಯ ನಾಡಿಗೆ ಬದುಕನ್ನು ಒಪ್ಪಿಸಿದವನ ಈ ಕಥೆ ಗಡಿಯಲ್ಲಿ ಓದುತ್ತಿರುವ ನಮಗೆ ತೀರ ಹೊರಗಿನದೆಂದು ತೋರಲಾರದು.

ಲೂಯಿಯು 1854ರ ಮೇ 24ರಂದು ಆಸ್ಟ್ರಿಯಾ ದೇಶದ ಗ್ರಾಝ್ ನಗರದಲ್ಲಿ ಜನಿಸಿದನು. ತಂದೆ ಅಲೆಕ್ಸಾಂಡರ್ ಜರ್ಮನಿಯ ಹೆಸ್ ಸಂಸ್ಥಾನದ ರಾಜಕುಮಾರ. ಆಗ ಆಸ್ಟ್ರಿಯಾದ ಸೇನೆಯಲ್ಲಿದ್ದನು. ತಾಯಿ ಜೂಲಿಯಾ ಹಾಕ್ ಪೋಲೆಂಡಿನ ಸೇನಾಪತಿಯೊಬ್ಬನ ಮಗಳು. ರಷ್ಯಾದ ಅರಮನೆಯಲ್ಲಿ ರಾಣಿವಾಸದ ಸಖಿಯಾಗಿದ್ದವಳು. ರಾಜಕುಮಾರನೊಬ್ಬನು ಅರಸುಮನೆತನಕ್ಕೆ ಸೇರದ ಹೆಣ್ಣನ್ನು ವರಿಸಿದುದು ಆ ಕಾಲದಲ್ಲಿ ಸಣ್ಣ ಅಪರಾಧವಾಗಿರಲಿಲ್ಲ. ಮಕ್ಕಳಿಗೆ ಹೆಸ್ ಸಂಸ್ಥಾನದ ಗಾದಿಯ ಮೇಲೆ ಹಕ್ಕಿಲ್ಲವೆಂದು ತೀರ್ಮಾನವಾಯಿತು. ಹೆಸ್ ನಾಡಿನ ಬ್ಯಾಟನ್‌ಬರ್ಗ್ ಎಂಬ ಸಣ್ಣ ಊರಿನ ಹೆಸರನ್ನೇ ಅವರಿಗೆ ಮನೆತನದ ಹೆಸರಾಗಿ ಕೊಡಲಾಯಿತು. ಹೀಗೆ ಹುಟ್ಟಿನಿಂದಲೇ ಲೂಯಿಯು ರಾಜವಂಶದ ಒಳಗೂ ಅಲ್ಲದ, ಪೂರ್ತಿ ಹೊರಗೂ ಅಲ್ಲದ ಸ್ಥಾನದಲ್ಲಿದ್ದನು.

ಹೆಸ್ ಸಂಸ್ಥಾನಕ್ಕೆ ಸಮುದ್ರವಿಲ್ಲ; ಹುಡುಗನಿಗೆ ಸಮುದ್ರದ ಗೀಳು. ವಿಕ್ಟೋರಿಯಾ ರಾಣಿಯ ಮಗಳು ಅಲೀಸ್ ಆ ಸಂಸ್ಥಾನಕ್ಕೆ ಸೊಸೆಯಾಗಿ ಬಂದಿದ್ದಳು. ಅವಳ ಪ್ರೋತ್ಸಾಹದಿಂದ ಲೂಯಿಯು 1868ರಲ್ಲಿ, ತನ್ನ 14ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಬಂದು ಆ ದೇಶದ ಪ್ರಜೆಯಾಗಿ ನೌಕಾದಳವನ್ನು ಸೇರಿದನು. ಅವನ ಮಾತಿನಲ್ಲಿದ್ದ ಜರ್ಮನ್ ಎಳೆಯನ್ನು ಜೊತೆಗಾರ ಹುಡುಗರು ಅಣಕಿಸುತ್ತಿದ್ದರು. ಹಡಗಿನ ಕೆಲಸವನ್ನು ಅವರಿಗಿಂತ ಚೆನ್ನಾಗಿ ಕಲಿಯುವುದೇ ಅದಕ್ಕೆ ಅವನು ಕೊಟ್ಟ ಉತ್ತರವಾಯಿತು.

1875-76ರಲ್ಲಿ ವೇಲ್ಸ್ ರಾಜಕುಮಾರನು ಭಾರತ ಪ್ರವಾಸಕ್ಕೆ ಹೊರಟಾಗ ಸೆರಾಪಿಸ್ ಹಡಗಿನಲ್ಲಿ ಲೂಯಿಯೂ ಬಂದನು. ಆ ಪ್ರವಾಸದಲ್ಲಿ ಅವನು ಬರೆದ ರೇಖಾಚಿತ್ರಗಳು ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಅಚ್ಚಾದವು. ಕಂಡದ್ದನ್ನು ವಿವರ ಬಿಡದೆ ಗುರುತಿಸಿಕೊಳ್ಳುವ ಆ ಕಣ್ಣು ಮುಂದೆ ಪದಕಗಳನ್ನು ಓದುವಾಗಲೂ ಅವನಿಗೆ ಒದಗಿರಬೇಕು.

1878ರಲ್ಲಿ ರಷ್ಯಾ ಮತ್ತು ತುರ್ಕಿಗಳ ಯುದ್ಧದ ಕೊನೆಯಲ್ಲಿ ಲೂಯಿಯಿದ್ದ ಹಡಗು ಕಾನ್‌ಸ್ಟಾಂಟಿನೋಪಲ್ಲಿನ ಸಮೀಪ ನಿಂತಿತ್ತು. ಅವನ ತಮ್ಮ ಅಲೆಕ್ಸಾಂಡರ್ ರಷ್ಯಾದ ಸೇನೆಯೊಡನೆ ಅಲ್ಲಿಯೇ ಇದ್ದನು. ಅಣ್ಣತಮ್ಮಂದಿರು ಭೇಟಿಯಾದರು. ಅಷ್ಟಕ್ಕೇ ಇಂಗ್ಲೆಂಡಿನಲ್ಲಿ ಗುಲ್ಲೆದ್ದಿತು. ಗುಟ್ಟು ಬಯಲಾಯಿತೆಂದು ಸಂಶಯಪಟ್ಟರು. ವಿಚಾರಣೆ ನಡೆದು ದೇಶದ್ರೋಹದ ಕಾರ್ಯವೇನೂ ಆಗಿಲ್ಲವೆಂದು ತೀರ್ಮಾನವಾಯಿತು. ಆದರೂ ತನ್ನ ರಕ್ತಸಂಬಂಧವೇ ತನ್ನ ಮೇಲೆ ಸಾಕ್ಷಿ ಹೇಳಬಲ್ಲದೆಂಬುದು 24 ತುಂಬದ ಅಧಿಕಾರಿಗೆ ಆಗಲೇ ತಿಳಿದುಹೋಯಿತು.

1882ರಲ್ಲಿ ಈಜಿಪ್ತಿನ ಯುದ್ಧದಲ್ಲಿ ಅವನು ಅಲೆಕ್ಸಾಂಡ್ರಿಯಾದ ದಡಕ್ಕಿಳಿದು ಗ್ಯಾಟ್ಲಿಂಗ್ ತೋಪುಗಳ ತುಕಡಿಯೊಡನೆ ಕೆಲಸಮಾಡಿದನು. ಆ ಯುದ್ಧಕ್ಕೆ ಬ್ರಿಟಿಷ್ ರಾಣಿಯು ಬೆಳ್ಳಿಯ ಪದಕವನ್ನೂ ಈಜಿಪ್ತಿನ ದೊರೆ ಖೇದಿವನು ಕಂಚಿನ ನಕ್ಷತ್ರವನ್ನೂ ಕೊಟ್ಟರು. 1884ರಲ್ಲಿ ಅವನು ಅಲೀಸಳ ಮಗಳು, ರಾಣಿಯ ಮೊಮ್ಮಗಳು ವಿಕ್ಟೋರಿಯಾಳನ್ನು ಮದುವೆಯಾದನು. ಮುಂದೆ ಬಡ್ತಿಗಳು ಬಂದವು. 1892ರಲ್ಲಿ, ತಂಡದಲ್ಲಿ ಚಲಿಸುವ ಹಡಗೊಂದು ಮತ್ತೊಂದರ ಸಂಬಂಧದಲ್ಲಿ ತನ್ನ ಸ್ಥಾನವನ್ನು ಬದಲಿಸಬೇಕಾದಾಗ ಹಿಡಿಯಬೇಕಾದ ದಿಕ್ಕನ್ನು ಲೆಕ್ಕಹಾಕುವ ಉಪಕರಣವನ್ನು ಅವನು ರಚಿಸಿದನು; ಅದಕ್ಕೆ ಅವನ ಹೆಸರೇ ನಿಂತಿತು. 1902ರಲ್ಲಿ ನೌಕಾ ಗುಪ್ತಚರ ವಿಭಾಗದ ನಿರ್ದೇಶಕನಾದನು. 1912ರ ಡಿಸೆಂಬರಿನಲ್ಲಿ ಫಸ್ಟ್ ಸೀ ಲಾರ್ಡ್, ಅಂದರೆ ನೌಕಾದಳದ ಪ್ರಥಮ ಅಧಿಪತಿಯಾದನು.

ಅವನ ಸಂಗ್ರಹದ ವಿಚಾರಕ್ಕೆ ಬರುವ ಮುನ್ನ ಮೂರು ಬಗೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಅರಸನು ಕಟ್ಟಿದ ಗೌರವಮಂಡಲಕ್ಕೆ ಒಬ್ಬನನ್ನು ಸೇರಿಸಿಕೊಂಡಾಗ ಕೊಡುವ ನಕ್ಷತ್ರ ಮತ್ತು ಪಟ್ಟಿಗೆ ಆರ್ಡರ್ ಎನ್ನುತ್ತಾರೆ. ಯುದ್ಧದಲ್ಲಿ ದುಡಿದವನು ಎದೆಯ ಮೇಲೆ ಧರಿಸುವುದು ಯುದ್ಧಪದಕ. ಮೂರನೆಯದು ಸ್ಮಾರಕಪದಕ, ಒಂದು ಗೆಲುವನ್ನೋ ಒಪ್ಪಂದವನ್ನೋ ನೆನೆಯಲು ಟಂಕಸಾಲೆಯಲ್ಲಿ ಅಚ್ಚುಹಾಕಿದ, ಧರಿಸುವುದಕ್ಕಲ್ಲದೆ ನೋಡಿ ಓದುವುದಕ್ಕಾಗಿ ಮಾಡಿದ ಬಿಲ್ಲೆ. ರಾಜಮನೆತನಗಳ ನೆಂಟನಾದ ಲೂಯಿಗೆ ಹಲವು ದೇಶಗಳ ಆರ್ಡರುಗಳು ತಾವಾಗಿಯೇ ಬಂದವು. ಆದರೆ ಅವನು ಹುಡುಕಿ ಕೂಡಿಸಿದ್ದು ಸಮುದ್ರಕ್ಕೆ ಸಂಬಂಧಪಟ್ಟ ಪದಕಗಳನ್ನು, ಅದರಲ್ಲಿಯೂ ಸ್ಮಾರಕಪದಕಗಳನ್ನು.

ಇವುಗಳಲ್ಲಿ ಓದುವುದಕ್ಕೆ ಏನಿದೆ? 1588ರಲ್ಲಿ ಸ್ಪೇನಿನ ಮಹಾನೌಕಾಪಡೆ ಚದುರಿಹೋದಾಗ ಡಚ್ಚರು ಹಾಕಿಸಿದ ಪದಕವು ಗೆಲುವನ್ನು ಯಾವ ನಾಯಕನಿಗೂ ಕೊಡದೆ ದೇವರು ಬೀಸಿದ ಗಾಳಿಗೆ ಕೊಡುತ್ತದೆ. 1672ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನು ಡಚ್ಚರ ಮೇಲೆ ಯುದ್ಧ ಸಾರಿದಾಗ ಹೇಳಿದ ಕಾರಣಗಳಲ್ಲಿ ಅವರು ಹಾಕಿಸಿದ ಅವಮಾನಕರ ಪದಕಗಳೂ ಒಂದು. 1739ರಲ್ಲಿ ಅಡ್ಮಿರಲ್ ವರ್ನನ್ ಆರೇ ಹಡಗುಗಳಿಂದ ಪೋರ್ಟೊಬೆಲ್ಲೊ ಕೋಟೆಯನ್ನು ಹಿಡಿದಾಗ ಇಂಗ್ಲೆಂಡಿನಲ್ಲಿ ಅಗ್ಗದ ಹಿತ್ತಾಳೆಯ ಪದಕಗಳು ಸಂತೆಯ ಸರಕಿನಂತೆ ಹರಡಿದವು. ಆ ಹುಮ್ಮಸ್ಸಿನಲ್ಲಿ ಮುಂದಿನ ಗುರಿಯಾದ ಕಾರ್ಟಜೀನಾ ನಗರವೂ ಬಿದ್ದಿತೆಂದು ಪದಕಗಳು ಹೊರಟವು. ಅವುಗಳಲ್ಲಿ ಸ್ಪೇನಿನ ಸೇನಾನಿಯು ವರ್ನನ್ನನ ಮುಂದೆ ಮಂಡಿಯೂರಿದ್ದಾನೆ. ವಾಸ್ತವದಲ್ಲಿ 1741ರಲ್ಲಿ ಇಂಗ್ಲಿಷರು ಅಲ್ಲಿ ಸೋತು ಹಿಂದಿರುಗಿದರು. ನಡೆಯದ ಗೆಲುವು ಲೋಹದಲ್ಲಿ ಇಂದಿಗೂ ಉಳಿದಿದೆ.

ಪದಕವು ಯಾರನ್ನು ನೆನೆಯುತ್ತದೆ, ಯಾರನ್ನು ಬಿಡುತ್ತದೆ ಎಂಬುದೂ ಓದಬೇಕಾದ ಸಂಗತಿ. 1794ರ ನಂತರ ಬ್ರಿಟಿಷ್ ನೌಕಾದಳದ ಚಿನ್ನದ ಪದಕವು ಅಡ್ಮಿರಲ್‌ಗಳಿಗೆ ದೊಡ್ಡದು, ಕ್ಯಾಪ್ಟನ್‌ಗಳಿಗೆ ಚಿಕ್ಕದು. ನಾವಿಕನಿಗೆ ಯಾವುದೂ ಇಲ್ಲ. 1798ರ ನೈಲ್ ಕದನದ ತರುವಾಯ ನೆಲ್ಸನ್ನನ ವ್ಯವಹಾರಗಳನ್ನು ನೋಡುತ್ತಿದ್ದ ಡೇವಿಸನ್ ಎಂಬುವನು ಸ್ವಂತ ಖರ್ಚಿನಿಂದ ಎಲ್ಲರಿಗೂ ಪದಕ ಹಂಚಿದನು. ಆದರೆ ಅಲ್ಲಿಯೂ ಚಿನ್ನ, ಬೆಳ್ಳಿ, ಚಿನ್ನದ ನೀರಿನ ಕಂಚು, ಬರಿಯ ಕಂಚು ಎಂದು ಅಂತಸ್ತಿಗೆ ತಕ್ಕ ಲೋಹ. 1793ರಿಂದ ನಡೆದ ಯುದ್ಧಗಳಿಗಾಗಿ ಸಾಮಾನ್ಯ ನಾವಿಕನಿಗೂ ಸರಕಾರದ ಪದಕವು ಮಂಜೂರಾದದ್ದು 1847ರಲ್ಲಿ. ಅದನ್ನು ಪಡೆಯಲು ಬದುಕಿದ್ದು ಅರ್ಜಿ ಹಾಕಬೇಕಾಗಿತ್ತು. 20 ಸಾವಿರಕ್ಕೂ ಹೆಚ್ಚು ಜನ ಪಡೆದರು; ಅರ್ಧ ಶತಮಾನದ ಕಾಯುವಿಕೆಯಲ್ಲಿ ತೀರಿಹೋದವರ ಹೆಸರು ಯಾವ ಬಿಲ್ಲೆಯ ಅಂಚಿನಲ್ಲಿಯೂ ಬರಲಿಲ್ಲ.

1914ರ ಜುಲೈ ತಿಂಗಳಲ್ಲಿ ಬ್ರಿಟಿಷ್ ನೌಕಾದಳದ ಹಡಗುಗಳೆಲ್ಲ ಅಭ್ಯಾಸಕ್ಕಾಗಿ ಒಂದೆಡೆ ಸೇರಿದ್ದವು; ಅಭ್ಯಾಸ ಮುಗಿದು ಚದುರುವ ಹೊತ್ತು. ಜುಲೈ 26ರ ಭಾನುವಾರ ಆಸ್ಟ್ರಿಯಾ ಮತ್ತು ಸರ್ಬಿಯಾಗಳ ನಡುವಿನ ಸುದ್ದಿ ಕೆಡುತ್ತ ಬಂದಿತು. ನೌಕಾ ಮಂತ್ರಿ ಚರ್ಚಿಲ್ ಸಮುದ್ರತೀರದ ಊರೊಂದರಲ್ಲಿ ಕುಟುಂಬದೊಡನೆ ಇದ್ದನು. ಲಂಡನ್ನಿನಲ್ಲಿದ್ದ ಲೂಯಿಯು ತನ್ನ ಹೊಣೆಯ ಮೇಲೆಯೇ ಹಡಗುಗಳು ಚದುರಬಾರದೆಂದು ಅಪ್ಪಣೆ ಹೊರಡಿಸಿದನು. ಆಗಸ್ಟ್ 4ರಂದು ಜರ್ಮನಿಯೊಡನೆ ಯುದ್ಧ ಆರಂಭವಾದಾಗ ಇಂಗ್ಲೆಂಡಿನ ನೌಕಾಬಲ ಸಿದ್ಧವಾಗಿ ನಿಂತಿದ್ದಿತು. ಅವನ ಸೇವೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಬೇರೊಂದಿಲ್ಲ.

ಆದರೆ ಅದೇ ತಿಂಗಳುಗಳಲ್ಲಿ ಜನರ ರೋಷವು ಜರ್ಮನ್ ಹೆಸರಿದ್ದ ಅಂಗಡಿಗಳ ಮೇಲೆ ತಿರುಗಿತು. ಕೆಲವು ಪತ್ರಿಕೆಗಳು ನೌಕಾಧಿಪತಿಯ ಹೆಸರನ್ನೂ ಎತ್ತಿದವು. ಅವನ ಹೆಂಡತಿಯ ತಂಗಿಯ ಗಂಡ ಹೆನ್ರಿಕ್ ಜರ್ಮನ್ ನೌಕಾದಳದಲ್ಲಿ ಅಡ್ಮಿರಲ್ ಆಗಿದ್ದನು. ಹೆಂಡತಿಯ ತಮ್ಮ ಹೆಸ್ ಸಂಸ್ಥಾನದ ಅರಸು. ಸೆಪ್ಟೆಂಬರ್ 22ರಂದು ಒಂದೇ ಜರ್ಮನ್ ಜಲಾಂತರ್ಗಾಮಿಯು ಮೂರು ಬ್ರಿಟಿಷ್ ಕ್ರೂಸರುಗಳನ್ನು ಮುಳುಗಿಸಿದಾಗ ಸಂಶಯ ಇನ್ನಷ್ಟು ಬಲಿಯಿತು. ಅವನನ್ನು ಲಂಡನ್ನಿನ ಕೋಟೆಯಲ್ಲಿ ಸೆರೆಯಿಟ್ಟಿದ್ದಾರೆಂಬ ಸುದ್ದಿಯೂ ಹಬ್ಬಿತು. ಅವನ ಹಿರಿಯ ಮಗ ಜಾರ್ಜ್ ಆಗ ಬ್ರಿಟಿಷ್ ಯುದ್ಧನೌಕೆಯಲ್ಲಿ ಹೋರಾಡುತ್ತಿದ್ದನು. ಅಕ್ಟೋಬರ್ 27ರಂದು ತಮ್ಮನ ಮಗ ಮಾರಿಸ್ ಬ್ಯಾಟನ್‌ಬರ್ಗ್ ಬೆಲ್ಜಿಯಮ್ಮಿನ ರಣರಂಗದಲ್ಲಿ ಇಂಗ್ಲೆಂಡಿನ ಪರವಾಗಿ ಕಾದುತ್ತ ಮಡಿದನು. ಮರುದಿನ ಲೂಯಿಯು ರಾಜೀನಾಮೆಯನ್ನು ಬರೆದುಕೊಟ್ಟನು. 46 ವರ್ಷಗಳ ಸೇವೆಯಲ್ಲಿ ಒಂದೇ ಒಂದು ದ್ರೋಹದ ಕೃತ್ಯವನ್ನು ಯಾರೂ ತೋರಿಸಲಿಲ್ಲ. ಹುಟ್ಟಿದ ಊರು ಮತ್ತು ಹೆಸರು, ಇವೆರಡೇ ಆರೋಪ.

ಕೆಲಸವಿಲ್ಲದೆ ಮನೆಯಲ್ಲಿ ಕುಳಿತ 60 ವಯಸ್ಸಿನ ಅಡ್ಮಿರಲ್ ಆತ್ಮಕಥೆಯನ್ನೋ ಪ್ರತಿಪಕ್ಷದವರಿಗೆ ಉತ್ತರವನ್ನೋ ಬರೆಯಬಹುದಾಗಿತ್ತು. ಅವನು ತನ್ನ ಪದಕಗಳತ್ತ ತಿರುಗಿದನು. ವೈಟ್ ದ್ವೀಪದ ಮನೆಯಲ್ಲಿ ಒಂದೊಂದೇ ಬಿಲ್ಲೆಯ ಎರಡು ಮುಖಗಳು, ಅಕ್ಷರಗಳು, ಲೋಹ, ಸಂದರ್ಭ ಇವುಗಳನ್ನು ವಿವರಿಸುತ್ತ ಹೋದನು. 1919ರಲ್ಲಿ ‘ಬ್ರಿಟಿಷ್ ನೇವಲ್ ಮೆಡಲ್ಸ್’ ಎಂಬ ಗ್ರಂಥ ಪ್ರಕಟವಾಯಿತು. 1921ರಲ್ಲಿ ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಸ್ಪೇನ್, ಪೋರ್ಚುಗಲ್ ದೇಶಗಳ ನೌಕಾಪದಕಗಳ ಗ್ರಂಥ ಹೊರಬಂದಿತು. ಶತಮಾನಗಳ ಕಾಲ ಇಂಗ್ಲೆಂಡಿನೊಡನೆ ಸಮುದ್ರದಲ್ಲಿ ಕಾದಿದ ದೇಶಗಳೇ ಇವು. ಒಂದೇ ಕದನದ ಬಗ್ಗೆ ಇಂಗ್ಲಿಷರು ಹೇಳಿದ್ದೂ ಎದುರಾಳಿಗಳು ಹೇಳಿದ್ದೂ ಅವನ ಸಂಗ್ರಹದಲ್ಲಿ ಸಮನಾದ ಗೌರವದಿಂದ ಜಾಗ ಪಡೆದವು.

ಆ ಹೊತ್ತಿನಲ್ಲಿ ಹೊರಗೆ ಬೇರೊಂದು ಬಗೆಯ ಪದಕಗಳು ಓಡಾಡುತ್ತಿದ್ದವು. 1915ರ ಮೇ 7ರಂದು ಲೂಸಿಟಾನಿಯಾ ಎಂಬ ಪ್ರಯಾಣಿಕರ ಹಡಗನ್ನು ಜರ್ಮನರು ಮುಳುಗಿಸಿದ ಮೇಲೆ ಮ್ಯೂನಿಕ್ ನಗರದ ಕಲಾವಿದ ಕಾರ್ಲ್ ಗೋಟ್ಸ್ ವ್ಯಂಗ್ಯದ ಪದಕವೊಂದನ್ನು ಮಾಡಿದನು. ಅದರ ಮೇಲೆ ತಪ್ಪಾಗಿ ಮೇ 5 ಎಂಬ ದಿನಾಂಕ ಬಿದ್ದಿತು. ಹಡಗು ಮುಳುಗುವ ಮೊದಲೇ ಪದಕ ಸಿದ್ಧವಾಗಿತ್ತೆಂದು ತೋರಿಸಲು ಬ್ರಿಟನ್ನಿನಲ್ಲಿ ಅದರ ಸುಮಾರು 3 ಲಕ್ಷ ನಕಲುಗಳನ್ನು ಮಾಡಿ ಹಂಚಿದರು. ಎರಡು ಕಡೆಯವರೂ ಪದಕವನ್ನು ಆಯುಧವಾಗಿ ಬಳಸುತ್ತಿದ್ದ ದಿನಗಳಲ್ಲಿ ಲೂಯಿಯು ಅದನ್ನು ಸಾಕ್ಷಿಯಾಗಿ ಓದುತ್ತ ಕುಳಿತಿದ್ದನು.

1917ರಲ್ಲಿ ದೊರೆ ಐದನೆಯ ಜಾರ್ಜನು ತನ್ನ ಮನೆತನದ ಜರ್ಮನ್ ಹೆಸರನ್ನು ತೊರೆದು ವಿಂಡ್ಸರ್ ಎಂದು ಕರೆದುಕೊಂಡನು. ನೆಂಟರೂ ಹೆಸರು ಬದಲಿಸಬೇಕಾಯಿತು. ಜರ್ಮನ್ನಿನ ಬರ್ಗ್ ಎಂದರೆ ಬೆಟ್ಟ. ಇಂಗ್ಲಿಷಿನ ಮೌಂಟ್ ಎಂದರೂ ಬೆಟ್ಟವೇ. ಬ್ಯಾಟನ್‌ಬರ್ಗ್ ಅರ್ಧ ಅನುವಾದಗೊಂಡು ಮೌಂಟ್‌ಬ್ಯಾಟನ್ ಆಯಿತು. ರಾಜಕುಮಾರನೆಂಬ ಪದವಿಯನ್ನು ಬಿಟ್ಟುಕೊಟ್ಟು ಅವನು ಮಿಲ್‌ಫೋರ್ಡ್ ಹೇವನ್ನಿನ ಮಾರ್ಕ್ವಿಸ್ ಆದನು. ಊರಿನ ಹೆಸರಿಗೆ ‘ಕರ’ ಹತ್ತಿದ ಅಡ್ಡಹೆಸರುಗಳ ನಡುವೆ ಬೆಳೆದು, ಹಾಜರಿಪಟ್ಟಿಯಲ್ಲಿ ತಮ್ಮ ಹೆಸರು ಎರಡು ಬಗೆಯಾಗಿ ಬರೆಯಲ್ಪಡುವುದನ್ನು ಕಂಡ ನಮ್ಮ ವಿದ್ಯಾರ್ಥಿಗಳಿಗೆ ಇದರ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ.

1918ರಲ್ಲಿ ರಷ್ಯಾದ ಕ್ರಾಂತಿಕಾರರು ಅವನ ಹೆಂಡತಿಯ ಇಬ್ಬರು ತಂಗಿಯರನ್ನು ಕೊಂದರು. ಅವರಲ್ಲಿ ಒಬ್ಬಳು ಆ ದೇಶದ ರಾಣಿ. 1920ರಲ್ಲಿ ಬಾಲ್ಯದ ಮನೆಯಾದ ಹೈಲಿಗೆನ್‌ಬರ್ಗ್ ಸೌಧವನ್ನು ಅವನು ಮಾರಬೇಕಾಯಿತು. 1921ರ ಆಗಸ್ಟಿನಲ್ಲಿ ಅವನಿಗೆ ನೌಕಾದಳದ ಪರಮೋಚ್ಚ ಪದವಿಯಾದ ಅಡ್ಮಿರಲ್ ಆಫ್ ದ ಫ್ಲೀಟ್ ದೊರೆಯಿತು. ಏಳು ವರ್ಷ ತಡವಾಗಿ ಬಂದ ಮಾನ್ಯತೆಯಿದು. ಅದಾಗಿ ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 11ರಂದು, ಅವನು ಲಂಡನ್ನಿನಲ್ಲಿ ತೀರಿಕೊಂಡನು. ವೈಟ್ ದ್ವೀಪದ ವಿಪ್ಪಿಂಗ್‌ಹ್ಯಾಮ್ ಊರಿನಲ್ಲಿ ಅವನ ಸಮಾಧಿಯಿದೆ. ಅವನು ಕೂಡಿಸಿದ ಪದಕಗಳು ಗ್ರೀನಿಚ್ಚಿನ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯವನ್ನು ಸೇರಿದವು. ತಂದೆ ಬಿಟ್ಟಿಳಿಯಬೇಕಾದ ಫಸ್ಟ್ ಸೀ ಲಾರ್ಡ್ ಸ್ಥಾನವನ್ನು ಕಿರಿಯ ಮಗ, ನಮ್ಮ ದೇಶದ ವೈಸ್‌ರಾಯ್ ಆಗಿದ್ದವನು, 1955ರಲ್ಲಿ ಏರಿದನು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಶಾಸನಗಳನ್ನು ಓದುವಾಗ ಲೂಯಿಯ ಈ ಕ್ರಮವನ್ನು ನೆನಪಿಡುವುದು ಒಳ್ಳೆಯದು. 1054ರ ಕೊಪ್ಪಂ ಯುದ್ಧವನ್ನು ಚೋಳರ ಶಾಸನಗಳು ತಮ್ಮ ಗೆಲುವೆಂದು ಹೇಳುತ್ತವೆ. ಚಾಲುಕ್ಯರ ನಾಡಿನ ಶಾಸನಗಳು ಚೋಳರಾಜನ ಸಾವನ್ನು ನೆನೆಯುತ್ತವೆ. ಒಂದನ್ನೇ ಓದಿದವನಿಗೆ ಯುದ್ಧದ ಅರ್ಧ ಮಾತ್ರ ತಿಳಿಯುತ್ತದೆ. ಕಲ್ಲಾಗಲಿ ಲೋಹವಾಗಲಿ, ಅದನ್ನು ಕೆತ್ತಿಸಿದವರು ಯಾರು, ಅದರಲ್ಲಿ ಹೆಸರಿಲ್ಲದವರು ಯಾರು ಎಂದು ಕೇಳಬೇಕು. ಎರಡು ಭಾಷೆಗಳನ್ನು ಬಲ್ಲವರಿಗೆ ಈ ಕೆಲಸ ಸ್ವಲ್ಪ ಸುಲಭ. ಗಡಿಯಲ್ಲಿ ಬೆಳೆದವರು ಮನೆಯ ಮಾತನ್ನೂ ನೆರೆಯ ಮಾತನ್ನೂ ಒಂದೇ ಕಿವಿಯಿಂದ ಕೇಳಿ ಅಭ್ಯಾಸವಾದವರು. ಆ ಎರಡು ಮಾತುಗಳ ಕಾರಣಕ್ಕಾಗಿ ಯಾರಾದರೂ ನಮ್ಮ ನಿಷ್ಠೆಯನ್ನು ಪ್ರಶ್ನಿಸಿದಾಗ ವಾದಕ್ಕಿಳಿಯದೆ, ಅವೆರಡನ್ನೂ ಬಳಸಿ ಒಂದು ಒಳ್ಳೆಯ ಕೆಲಸವನ್ನು ಮಾಡಿಟ್ಟು ಹೋಗಬಹುದೆಂಬುದಕ್ಕೆ ಲೂಯಿ ಬ್ಯಾಟನ್‌ಬರ್ಗನ ಗ್ರಂಥಗಳು ಇಂದಿಗೂ ಉಳಿದಿವೆ.