ಕೇಳದೇ ನಿಂತ ಮಕ್ಕಳು

ಆಫೀಸಿನ ಕೆಲಸಕ್ಕೆಂದು ಹೈದರಾಬಾದಿನಿಂದ ಪುಣೆಗೆ ರೈಲಿನಲ್ಲಿ ಹೋಗುವಾಗ ದೌಂಡ್ ದಾಟಿದ ಮೇಲೆ ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ಎಷ್ಟೋ ಸಲ ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ ಅದನ್ನು ದಾಟಿದ್ದೇನೆ. ಪಂಡಿತಾ ರಮಾಬಾಯಿಯವರ ಬದುಕನ್ನು ಓದಿದ ಮೇಲೆ ಮಾತ್ರ ಹಾಗೆ ದಾಟಲು ಆಗಿಲ್ಲ.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಕಾರ್ಕಳದ ಹತ್ತಿರದ ಮಾಳದ ಅನಂತಶಾಸ್ತ್ರಿ ಡೋಂಗ್ರೆ. ಹೆಂಗಸರಿಗೆ ಸಂಸ್ಕೃತ ಸಲ್ಲದು ಎನ್ನುತ್ತಿದ್ದ ಕಾಲದಲ್ಲಿ ಅವರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ತಾಯಿ ಮಗಳಿಗೆ ಕಲಿಸಿದರು. ಈ ಕುಟುಂಬ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತಾ ಅಲೆಯುತ್ತಿತ್ತು.

1870ರ ದಶಕದ ಬರಗಾಲದಲ್ಲಿ ತಂದೆ ತೀರಿಕೊಂಡರು. ಉಳಿದವರು ಸ್ವಲ್ಪ ನಡೆದು, ಸ್ವಲ್ಪ ರೈಲಿನಲ್ಲಿ ರಾಯಚೂರು ಸೇರಿದರು. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಜ್ವರದಿಂದ ಮಲಗಿದ್ದ ತಾಯಿಗಾಗಿ ಒಂದು ತುಂಡು ಸಜ್ಜೆ ರೊಟ್ಟಿ ಕೇಳಲು ರಮಾಬಾಯಿ ಒಂದು ಮನೆಗೆ ಹೋದರು. ಆದರೆ ಬಾಯಿ ಬಿಟ್ಟು ಕೇಳಲು ಆಗಲೇ ಇಲ್ಲ. ಅಳು ತಡೆದು ನಿಂತ ಹುಡುಗಿಯ ಮುಖ ನೋಡಿ ಆ ಮನೆಯಾಕೆಯೇ ಊಟ ಬೇಕೇ ಎಂದು ವಿಚಾರಿಸಿ ರೊಟ್ಟಿ ಕೊಟ್ಟರು. ಓಡಿ ಬಂದು ಕೊಟ್ಟರೆ ತಾಯಿಗೆ ತಿನ್ನುವ ಶಕ್ತಿಯೇ ಉಳಿದಿರಲಿಲ್ಲ. ಕೆಲವೇ ದಿನಗಳಲ್ಲಿ ಅವರೂ ಹೋದರು.

ಅಣ್ಣ ಶ್ರೀನಿವಾಸನ ಜೊತೆ ಊರೂರು ನಡೆದು ರಮಾಬಾಯಿ 1878ರಲ್ಲಿ ಕಲ್ಕತ್ತಾ ತಲುಪಿದರು. ಅವರ ಪಾಂಡಿತ್ಯಕ್ಕೆ ಬೆರಗಾದ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಆಮೇಲೆ ಅಣ್ಣ ತೀರಿಕೊಂಡ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನೂ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದ ಅವರು ಅಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮತಾಂತರದ ಅನುಮಾನ ಎದ್ದು ಹಲವರು ತಮ್ಮ ಹೆಣ್ಣುಮಕ್ಕಳನ್ನು ಅಲ್ಲಿಂದ ಬಿಡಿಸಿಕೊಂಡು ಹೋದರು. ಇಂದಿಗೂ ಆ ಬಗ್ಗೆ ಎರಡು ಅಭಿಪ್ರಾಯಗಳಿವೆ. ಆದರೆ 1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿದ್ದಾಗ ಅವರು ದೂರದಿಂದ ದುಡ್ಡು ಕಳಿಸಿ ಸುಮ್ಮನಾಗಲಿಲ್ಲ, ತಾವೇ ಹೋದರು. ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಕೇಡಗಾಂವ್‌ನ ಮುಕ್ತಿ ಸದನ ಬೆಳೆದದ್ದು ಹೀಗೆ. ಅಲ್ಲಿ ಊಟ, ಓದಿನ ಜೊತೆಗೆ ನೇಯ್ಗೆ, ಹೊಲಿಗೆ, ಹೈನುಗಾರಿಕೆ, ಅಚ್ಚುಕೂಟದ ಕೆಲಸ ಕಲಿಸಿದರು. ಕಣ್ಣು ಕಾಣದವರಿಗೆ ಬ್ರೈಲ್ ಕಲಿಸಿದರು. 1912ರಲ್ಲಿ ನಮ್ಮ ಗುಲ್ಬರ್ಗದಲ್ಲೂ ಒಂದು ಶಾಲೆ ಶುರುವಾಯಿತು, ಅದನ್ನು ಮನೋರಮಾ ನೋಡಿಕೊಂಡರು. 1921ರಲ್ಲಿ ಆ ಮಗಳೂ ತೀರಿಕೊಂಡಳು. 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣು ಮುಚ್ಚಿದರು.

ನಾನೇಕೆ ಇದನ್ನು ಬರೆಯುತ್ತಿದ್ದೇನೆ ಎಂದರೆ, ಎರಡು ವರ್ಷದಿಂದ ಶನಿವಾರಗಳಂದು ಇಲ್ಲಿನ ಒಂದು ಅನಾಥಾಲಯದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪ್ರಾಜೆಕ್ಟ್ ರಿಲೀಸ್ ಇದ್ದಾಗ ಹೋಗುವುದಿಲ್ಲ. ಹೋದಾಗ ಬಿಸ್ಕತ್ತು ಹಂಚಿ, ಫೋಟೋ ತೆಗೆದು, ಗ್ರೂಪಿಗೆ ಹಾಕಿದ್ದೂ ಉಂಟು. ಮೂರು ವಾರ ತಪ್ಪಿಸಿ ಹೋದ ಒಂದು ದಿನ, ಒಂಬತ್ತು ವರ್ಷದ ಒಬ್ಬ ಹುಡುಗಿ ಹಳೆಯ ನೋಟ್‌ಬುಕ್ಕಿನ ಅಂಚಿನಲ್ಲಿ, ಬರೆದ ಸಾಲುಗಳ ನಡುವೆ ಲೆಕ್ಕ ಬಿಡಿಸುತ್ತಿದ್ದಳು. ಪುಸ್ತಕ ಯಾವತ್ತೋ ಮುಗಿದಿತ್ತು. ಅವಳು ಯಾರನ್ನೂ ಕೇಳಿರಲಿಲ್ಲ. ನಾನೂ ನೋಡಿರಲಿಲ್ಲ. ರಾಯಚೂರಿನ ಆ ಮನೆಯಾಕೆ ಒಂದು ಕ್ಷಣದಲ್ಲಿ ಕಂಡದ್ದು ನನಗೆ ಎರಡು ವರ್ಷವಾದರೂ ಕಂಡಿರಲಿಲ್ಲ.

ಈಗ ಶನಿವಾರ ಹೋದ ತಕ್ಷಣ ಮೊದಲು ಎಲ್ಲರ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ನೋಡುತ್ತೇನೆ. ಬರಲಾಗದ ವಾರ ಮುಂಚೆಯೇ ಹೇಳುತ್ತೇನೆ. ನಮ್ಮ ಬಳಗದ ಸೋದರಿಯರಲ್ಲಿ ಯಾರಿಗಾದರೂ ತಿಂಗಳಿಗೆ ಎರಡು ಶನಿವಾರ ತಪ್ಪದೆ ಬಿಡುವಿದ್ದರೆ ದಯವಿಟ್ಟು ತಿಳಿಸಿ, ಜೊತೆಯಲ್ಲೇ ಹೋಗೋಣ.