ಆಯುಕ್ತ ಲಿನ್ ಝೆಷು

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಚೀನಾದ ಚಹಾ ಮತ್ತು ರೇಷ್ಮೆಗಳಿಗೆ ಇಂಗ್ಲೆಂಡಿನಲ್ಲಿ ಅಪಾರ ಬೇಡಿಕೆಯಿತ್ತು. ಚೀನೀಯರಿಗಾದರೋ ಇಂಗ್ಲಿಷರ ಸರಕು ಅಷ್ಟಾಗಿ ಬೇಕಿರಲಿಲ್ಲ. ಆದುದರಿಂದ ಇಂಗ್ಲಿಷರು ಚಹಾಕ್ಕೆ ಬೆಳ್ಳಿಯನ್ನೇ ತೆರಬೇಕಾಗಿತ್ತು. ಈ ಕೊರತೆಯನ್ನು ತುಂಬಲು ಅವರ ವರ್ತಕರು ಕಂಡುಕೊಂಡ ಸರಕೇ ಅಫೀಮು. ಬಿಹಾರ, ಮಾಳವಗಳಲ್ಲಿ ಬೆಳೆದ ಅಫೀಮು ಹಡಗುಗಳಲ್ಲಿ ಸಾಗಿ, ಕಳ್ಳದಾರಿಯಿಂದ ಚೀನಾವನ್ನು ಹೊಗುತ್ತಿತ್ತು. ಜನ ವ್ಯಸನಕ್ಕೆ ದಾಸರಾದರು. ನಾಡಿನ ಬೆಳ್ಳಿ ಹೊರಗೆ ಹರಿಯತೊಡಗಿತು. ಈ ಕೇಡಿಗೆ ಎದುರು ನಿಂತವನು ಲಿನ್ ಝೆಷು.

ಲಿನ್ 1785ರಲ್ಲಿ ಫೂಜಿಯಾನ್ ಪ್ರಾಂತದ ಫೂಜೌ ನಗರದಲ್ಲಿ ಬಡ ಉಪಾಧ್ಯಾಯನೊಬ್ಬನ ಮಗನಾಗಿ ಜನಿಸಿದನು. 1811ರಲ್ಲಿ ಅತ್ಯುನ್ನತ ರಾಜ್ಯಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರ್ಕಾರದ ಸೇವೆಗೆ ಸೇರಿ, ಪ್ರಾಮಾಣಿಕತೆಗೆ ಹೆಸರಾದನು. 1838ರ ಕೊನೆಯಲ್ಲಿ ಚಕ್ರವರ್ತಿ ದಾವೊಗುವಾಂಗನು ಅವನನ್ನು ವಿಶೇಷ ಆಯುಕ್ತನನ್ನಾಗಿ ನೇಮಿಸಿದನು.

1839ರ ಮಾರ್ಚಿಯಲ್ಲಿ ಲಿನ್ ಗುವಾಂಗ್‌ಜೌ ಬಂದರನ್ನು ತಲುಪಿದನು. ಪರದೇಶದ ವರ್ತಕರ ಮುಂದೆ ಅವನಿಟ್ಟ ಬೇಡಿಕೆಗಳು ಎರಡು: ಇರುವ ಅಫೀಮನ್ನೆಲ್ಲ ಒಪ್ಪಿಸಬೇಕು, ಮುಂದೆಂದೂ ತರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ತಪ್ಪಿದವರಿಗೆ ಮರಣದಂಡನೆ. ವರ್ತಕರು ಹಿಂಜರಿಯಲು, ಅವರ ಮಳಿಗೆಗಳಿಗೆ ಕಾವಲು ಬಿದ್ದಿತು. ಕೊನೆಗೆ ಇಂಗ್ಲಿಷ್ ಅಧಿಕಾರಿ ಎಲಿಯಟ್ 20,283 ಪೆಟ್ಟಿಗೆಗಳನ್ನು ಒಪ್ಪಿಸಿದನು. ಜೂನ್ 3ರಿಂದ ಹ್ಯೂಮೆನ್ ಎಂಬಲ್ಲಿ ಆ ಅಫೀಮನ್ನು ಹೊಂಡಗಳಲ್ಲಿ ಉಪ್ಪು, ಸುಣ್ಣಗಳೊಡನೆ ಕರಗಿಸಿ ಕಡಲಿಗೆ ಬಿಡಲಾಯಿತು.

ಮುಚ್ಚಳಿಕೆಯ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ವ್ಯಾಪಾರಕ್ಕೆ ಬಂದವರು ಆ ನೆಲದ ಕಾನೂನಿಗೆ ತಲೆಬಾಗಬೇಕೆಂಬುದು ಲಿನ್ನನ ವಾದ. ತನ್ನ ಪ್ರಜೆಗಳ ಪ್ರಾಣವನ್ನು ಚೀನಾದ ನ್ಯಾಯಕ್ಕೆ ಒಪ್ಪಿಸಲಾರೆನೆಂಬುದು ಎಲಿಯಟ್ಟನ ಹಠ. ಜುಲೈಯಲ್ಲಿ ಇಂಗ್ಲಿಷ್ ನಾವಿಕರ ಕೈಯಲ್ಲಿ ಚೀನೀ ಹಳ್ಳಿಗನೊಬ್ಬ ಸತ್ತಾಗ ಈ ಬಿರುಕು ಇನ್ನಷ್ಟು ಅಗಲವಾಯಿತು. ಲಿನ್ ವಿಕ್ಟೋರಿಯಾ ರಾಣಿಗೇ ಪತ್ರ ಬರೆದನು. ಅದು ಅವಳ ಕೈ ಸೇರಲಿಲ್ಲ. ಅಕ್ಟೋಬರಿನಲ್ಲಿ 'ಥಾಮಸ್ ಕೌಟ್ಸ್' ಎಂಬ ಹಡಗಿನ ನಾಯಕನು ಎಲಿಯಟ್ಟನ ಮಾತನ್ನು ಮೀರಿ ಮುಚ್ಚಳಿಕೆಗೆ ಸಹಿ ಹಾಕಿದನು. ಲಿನ್ನನಲ್ಲಿ ಆಸೆ ಚಿಗುರಿತು. ಆದರೆ ನವೆಂಬರ್ 3ರಂದು ಅದೇ ಹಾದಿ ಹಿಡಿದ 'ರಾಯಲ್ ಸ್ಯಾಕ್ಸನ್' ಹಡಗನ್ನು ತಡೆಯಲು ಇಂಗ್ಲಿಷರ ಯುದ್ಧನೌಕೆಯೇ ಗುಂಡು ಹಾರಿಸಿತು. ಅಂದೇ ಚೀನೀ ನೌಕೆಗಳೊಡನೆ ಕಾಳಗ ನಡೆಯಿತು. ಮಾತಿನ ಕಾಲ ಮುಗಿದಿತ್ತು.

1840ರಲ್ಲಿ ಇಂಗ್ಲಿಷರ ದೊಡ್ಡ ನೌಕಾಪಡೆ ಬಂದಿತು. ಚಕ್ರವರ್ತಿಯು ಸೋಲಿನ ಹೊಣೆಯನ್ನು ಲಿನ್ನನ ಮೇಲೆ ಹೊರಿಸಿ, ಅವನನ್ನು ದೂರದ ಇಲಿ ಪ್ರದೇಶಕ್ಕೆ ಗಡೀಪಾರು ಮಾಡಿದನು. ದಾರಿಯಲ್ಲಿಯೂ ಅವನು ಹಳದಿ ನದಿಯ ಒಡೆದ ಏರಿಯನ್ನು ಕಟ್ಟಿಸಲು ದುಡಿದನು; ಗಡೀಪಾರಿನ ನೆಲದಲ್ಲಿ ನೀರಾವರಿಯನ್ನು ಬೆಳೆಸಿದನು. ಇತ್ತ 1842ರ ನಾನ್‌ಜಿಂಗ್ ಒಪ್ಪಂದದಂತೆ ಹಾಂಗ್‌ಕಾಂಗ್ ಇಂಗ್ಲಿಷರ ವಶವಾಯಿತು. ನಾಶಗೊಂಡ ಅಫೀಮಿಗೂ ಚೀನಾ ಬೆಲೆ ತೆತ್ತಿತು.

ಎದುರಾಳಿಯ ನೌಕಾಬಲವನ್ನು ಲಿನ್ ಮೊದಲು ಸರಿಯಾಗಿ ಅಳೆದಿರಲಿಲ್ಲ. ಆದರೂ ಹೊರಜಗತ್ತನ್ನು ಅರಿಯದೆ ನಾಡಿಗೆ ಉಳಿವಿಲ್ಲವೆಂದು ಕಂಡುಕೊಂಡು ಪರದೇಶದ ಪತ್ರಿಕೆಗಳನ್ನೂ ಭೂಗೋಳ ಗ್ರಂಥವನ್ನೂ ಅನುವಾದ ಮಾಡಿಸಿದ್ದನು. ಆ ಸಾಮಗ್ರಿಯನ್ನು ಅವನ ಮಿತ್ರ ವೇಯ್ ಯುವಾನ್ ತನ್ನ ಹೆಸರಾಂತ ಗ್ರಂಥಕ್ಕೆ ಬಳಸಿಕೊಂಡನು. ಮತ್ತೆ ರಾಜಸೇವೆಗೆ ಕರೆಬಂದ ಲಿನ್, 1850ರಲ್ಲಿ ಕರ್ತವ್ಯದ ಹಾದಿಯಲ್ಲಿಯೇ ಕಣ್ಮುಚ್ಚಿದನು. ನ್ಯಾಯವು ತನ್ನ ಕಡೆಗಿದ್ದರೆ ಸಾಲದು, ಎದುರಾಳಿಯ ಅರಿವೂ ಇರಬೇಕೆಂಬುದನ್ನು ಅವನ ಬಾಳು ಕಲಿಸುತ್ತದೆ. ಸೋತರೂ ನ್ಯಾಯವನ್ನು ಮಾರಿಕೊಳ್ಳಬಾರದೆಂಬುದನ್ನೂ ಕಲಿಸುತ್ತದೆ.